ಕೃತಜ್ಞತೆಯ ಪುಟದಲ್ಲಿ ಹಿಡಿಯದ ಮಾತುಗಳು

ಪುಸ್ತಕ ಮುದ್ರಣವಾಗಿ ಬಂದಿದೆ. ಮುಂಗಡ ಕೊಟ್ಟು ಕಾದಿದ್ದ ಬೆಂಬಲಿಗರಲ್ಲಿ ಹೆಚ್ಚಿನವರ ಕೈ ಸೇರಿದೆ, ಉಳಿದ ಪೊಟ್ಟಣಗಳು ದಾರಿಯಲ್ಲಿವೆ. ರೋಲ್‌ಪ್ಲೇಯಿಂಗ್ ಆಟಗಳ, ಎಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ಆಟಗಳ, ಪುಸ್ತಕ ಪ್ರಕಟಿಸುವ ನಮ್ಮ ಸಂಸ್ಥೆಯೂ ಉಳಿದಿದೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ದಿನ ಬಂದೀತು ಎಂಬ ಧೈರ್ಯ ಕಳೆದ ವರ್ಷ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಡೆದದ್ದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಸಾಗಣೆಯ ವೆಚ್ಚ ಎಲ್ಲಿಂದ ಎಲ್ಲಿಗೆ ಏರಿತು, ಯಾವ ಸಭೆಯಲ್ಲಿ ಯಾರು ಏನೆಂದರು ಎಂಬುದೆಲ್ಲ ಇದನ್ನು ಓದುವ ಬಹುಪಾಲು ಜನರಿಗೆ ಗೊತ್ತು. ಹಣದ ಮುಗ್ಗಟ್ಟಿನಲ್ಲಿ ತಂಡದ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಉಳಿದ ಕೆಲವರಲ್ಲಿ ನಾನೂ ಒಬ್ಬಳು. ಮೊದಲು ಸಂಪಾದನೆಯಷ್ಟೇ ನನ್ನ ಕೆಲಸವಾಗಿತ್ತು. ಈಗ ಮುದ್ರಣ, ಗೋದಾಮು, ಲೆಕ್ಕಪತ್ರ, ಮುಂದಿನ ಪುಸ್ತಕದ ತೀರ್ಮಾನ ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಸಿಕ್ಕಿತು. ಮುದ್ರಿತ ಪುಟಕ್ಕೆ ಬೆಲೆಯಿದೆ, ಹಾಗಾಗಿ ಅಷ್ಟೇ ಸಾಧ್ಯವಾಯಿತು. ಅಲ್ಲಿ ಹಿಡಿಯದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕರಡು ನಿಯಮಗಳನ್ನೇ ಇಟ್ಟುಕೊಂಡು ಪರೀಕ್ಷಾರ್ಥವಾಗಿ ಆಡಿ, ಎಲ್ಲೆಲ್ಲಿ ಆಟ ಮುಗ್ಗರಿಸುತ್ತದೆ ಎಂದು ಸಂಕೋಚವಿಲ್ಲದೆ ತೋರಿಸಿಕೊಟ್ಟ ಗುಂಪುಗಳಿಗೆ, ಸಂಭಾವನೆ ತಡವಾಗುತ್ತದೆ ಎಂದಾಗ ಚಿತ್ರಗಳನ್ನು ತಡೆಹಿಡಿಯದೆ ಕಳುಹಿಸಿದ ಕಲಾವಿದರಿಗೆ, ವಿಳಂಬದ ಸುದ್ದಿಯನ್ನು ತಾಳ್ಮೆಯಿಂದ ಓದಿದ ಬೆಂಬಲಿಗರಿಗೆ, ಹಣ ಹಿಂದಕ್ಕೆ ಕೇಳಿದರೂ ಸೌಜನ್ಯದಿಂದಲೇ ಕೇಳಿದವರಿಗೆ, ನಮ್ಮ ಹಳೆಯ ಪುಸ್ತಕಗಳನ್ನು ಕಪಾಟಿನಿಂದ ತೆಗೆಯದೆ ಉಳಿಸಿಕೊಂಡ ಮಳಿಗೆಯವರಿಗೆ, ನಾನು ಮನೆಯಲ್ಲಿದ್ದೂ ಇಲ್ಲದಂತಿದ್ದ ತಿಂಗಳುಗಳನ್ನು ಸಹಿಸಿಕೊಂಡ ನನ್ನವರಿಗೆ, ಮನಸಾರೆ ನಮಸ್ಕಾರ. ಇವರೆಲ್ಲರೂ ಒಂದೇ ವಾಕ್ಯದಲ್ಲಿ ಸೇರಿಹೋದರು ಎಂದು ಯಾರೂ ಬೇಸರಪಡಬಾರದು. ಈ ಬರಹಕ್ಕೆ ಕೂತದ್ದೇ ಒಬ್ಬರ ಸಲುವಾಗಿ.

ಅವರು ನಮ್ಮ ಪುಟವಿನ್ಯಾಸಕಿ. ಹೆಸರು ಬರೆಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ತಂಡದಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ರೋಲ್‌ಪ್ಲೇಯಿಂಗ್ ಆಟಗಳ ಪುಸ್ತಕದಲ್ಲಿ ಪುಟವಿನ್ಯಾಸ ಎಂಥ ಕೆಲಸ ಎಂಬುದು ಆಡುವವರಿಗೂ ಎಷ್ಟೋ ಬಾರಿ ಕಾಣುವುದಿಲ್ಲ. ಕಾಣದಿರುವುದೇ ಅದರ ಗುಣ. ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇವೆ. ನಿಯಮಪುಸ್ತಕವನ್ನು ಆಟದ ನಟ್ಟನಡುವೆ ತೆರೆಯುತ್ತೇವೆ. ಒಬ್ಬರ ಪಾತ್ರ ವಿಷ ಕುಡಿದಿದೆ, ಇನ್ನೊಬ್ಬರು ದಾಳ ಹಿಡಿದು ಕಾಯುತ್ತಿದ್ದಾರೆ, ಆಟ ನಡೆಸುವ ಗೇಮ್ ಮಾಸ್ಟರ್‌ಗೆ ವಿಷದ ನಿಯಮ ಈಗಲೇ ಸಿಗಬೇಕು. ಅರ್ಧ ನಿಮಿಷದಲ್ಲಿ ಸಿಕ್ಕರೆ ಕಥೆ ಮುಂದುವರಿಯುತ್ತದೆ, ಸಿಗದಿದ್ದರೆ ಮೇಜಿನ ಸುತ್ತ ಕೂತವರ ಮನಸ್ಸು ಬೇರೆಲ್ಲಿಗೋ ಹೋಗಿಬಿಡುತ್ತದೆ. ಹಾಗಾಗಿ ಅಕ್ಕನ ಪಾಲಿಗೆ ಪುಟ ಎಂಬುದೂ ನಿಯಮದ ಒಂದು ಭಾಗವೇ ಆಗಿತ್ತು. ಕೋಷ್ಟಕವೊಂದು ಪುಟ ಮಗುಚಿದ ಮೇಲೂ ಮುಂದುವರಿಯುವುದನ್ನು ಅವರು ಒಪ್ಪುತ್ತಿರಲಿಲ್ಲ. ಒಂದು ಜೀವಿಯ ವಿವರಣೆ ಮತ್ತು ಅದರ ಅಂಕಿಗಳು ಎದುರುಬದುರು ಪುಟಗಳೊಳಗೇ ಮುಗಿಯಬೇಕು ಎಂದು ಹಟ ಹಿಡಿಯುತ್ತಿದ್ದರು. ಅದಕ್ಕಾಗಿ ಲೇಖಕರಿಂದ ನಾಲ್ಕು ಸಾಲು ಕತ್ತರಿಸಿಕೊಡಿ ಎಂದು ಬೇಡುವುದು ನನ್ನ ಕೆಲಸವಾಗುತ್ತಿತ್ತು. ಎಷ್ಟು ವಾದಿಸಿದ್ದೇವೆ! ಮುದ್ರಿತ ಪ್ರತಿಯಲ್ಲಿ ಆ ಪುಟಗಳನ್ನು ಈಗ ನೋಡಿದರೆ ಒಂದು ಸಾಲನ್ನೂ ಮರಳಿ ಸೇರಿಸಬೇಕು ಎನಿಸುವುದಿಲ್ಲ.

ಇನ್ನು ಆ ರಾತ್ರಿಯ ವಿಷಯ.

ಮುದ್ರಣಾಲಯದವರು ನಮಗೆ ಕೊಟ್ಟಿದ್ದ ಗಡುವು ಮರುದಿನ ಬೆಳಗ್ಗೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಕಡತಗಳು ತಲುಪದಿದ್ದರೆ ನಮ್ಮ ಸರದಿ ತಿಂಗಳುಗಟ್ಟಲೆ ಹಿಂದೆ ಬೀಳುತ್ತಿತ್ತು. ಅಷ್ಟು ಕಾಲ ಏನನ್ನೂ ಮಾರದೆ ನಿಲ್ಲುವ ತ್ರಾಣ ಸಂಸ್ಥೆಗೆ ಉಳಿದಿರಲಿಲ್ಲ. ಖರ್ಚು ತಗ್ಗಿಸಲು ಪುಸ್ತಕದ ಗಾತ್ರ ಕುಗ್ಗಿಸಬೇಕೆಂಬ ತೀರ್ಮಾನ ಅದೇ ವಾರ ಆಗಿತ್ತು. ಗಟ್ಟಿ ರಟ್ಟಿನ ಪುಸ್ತಕದಲ್ಲಿ ಮನಸ್ಸಿಗೆ ಬಂದಷ್ಟು ಪುಟ ತೆಗೆಯಲಾಗುವುದಿಲ್ಲ. ನಮ್ಮ ಪುಸ್ತಕ ಫಾರಂ ಲೆಕ್ಕದಲ್ಲಿ, ಎಂದರೆ ಒಟ್ಟಿಗೆ ಮಡಚಿದ 16 ಪುಟಗಳ ಕಟ್ಟುಗಳಾಗಿ, ಮುದ್ರಣವಾಗಿ ಹೊಲಿಗೆಗೆ ಹೋಗುವಂಥದ್ದು, ಆದ್ದರಿಂದ ತೆಗೆದರೆ ಇಡೀ ಫಾರಂ ತೆಗೆಯಬೇಕು. ಒಂದು ಅಧ್ಯಾಯವನ್ನೇ ಕೈಬಿಟ್ಟೆವು. ಅದು ಈಗ ಪಿಡಿಎಫ್ ರೂಪದಲ್ಲಿ ಎಲ್ಲ ಬೆಂಬಲಿಗರಿಗೂ ಉಚಿತವಾಗಿ ಹೋಗಿದೆ. ಆದರೆ ನಡುವಿನ ಅಧ್ಯಾಯ ಹೋದರೆ ನಂತರದ ಪ್ರತಿ ಪುಟದ ಸಂಖ್ಯೆಯೂ ಬದಲಾಗುತ್ತದೆ. ‘ಇಂತಿಷ್ಟನೆಯ ಪುಟ ನೋಡಿ’ ಎಂಬ ಸೂಚನೆಗಳು ನಿಯಮಪುಸ್ತಕದ ತುಂಬ ಇರುತ್ತವೆ. ಕರಡು ಹಂತದಲ್ಲಿ ಆ ಜಾಗದಲ್ಲಿ ‘ಪುಟ ಎಕ್ಸ್‌ಎಕ್ಸ್’ ಎಂದು ಬರೆದಿಡುವುದು ನಮ್ಮ ಉದ್ಯಮದ ಹಳೆಯ ರೂಢಿ. ಅದನ್ನು ತುಂಬದೆಯೇ ಮುದ್ರಣವಾದ ಪುಸ್ತಕಗಳೂ ಇವೆ, ಓದುಗರು ಅವನ್ನು ಮರೆತಿಲ್ಲ.

ಅಂದು ಅಕ್ಕನ ಕೆಲಸದ ಕೊನೆಯ ದಿನ. ವಜಾ ಪತ್ರ ಹಿಂದಿನ ತಿಂಗಳೇ ಕೈಗೆ ಬಂದಿತ್ತು. ಸಂಜೆಗೆ ಕಡತಗಳನ್ನು ನನಗೆ ಒಪ್ಪಿಸಿ ಎದ್ದು ಹೋಗಿದ್ದರೆ ಯಾರೂ ಒಂದು ಮಾತು ಆಡುವಂತಿರಲಿಲ್ಲ. ನಾನೇ ಹೇಳಿದೆ: “ಅಕ್ಕ, ನೀವು ಹೊರಡಿ, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ.” ಅವರು ಕೈಚೀಲವನ್ನು ಮತ್ತೆ ಕುರ್ಚಿಗೆ ನೇತುಹಾಕಿದರು. “ಇದನ್ನು ಮೇಜಿನ ಮೇಲೆ ತೆರೆಯುವವರಿಗೆ ನಮ್ಮ ಕಷ್ಟ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರಿಗೆ ಪುಟ ಸಿಗಬೇಕು. ನೀನು ಓದು, ನಾನು ನೋಡುತ್ತೇನೆ.”

ಹಾಗೆ ಶುರುವಾಯಿತು. ನಾನು ಸೂಚನೆಯನ್ನು ಗಟ್ಟಿಯಾಗಿ ಓದುವುದು, ಅವರು ಆ ಪುಟ ತೆರೆದು ಹೇಳಿದ್ದು ಅಲ್ಲಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ತಿದ್ದುವುದು, ತಿದ್ದಿದ್ದನ್ನು ಮತ್ತೆ ಓದುವುದು. ತಂತ್ರಾಂಶ ತಾನಾಗಿ ಸರಿಪಡಿಸುವ ಸೂಚನೆಗಳೂ ಇದ್ದವು. ಆದರೆ ಹಲವು ಲೇಖಕರು, ಹಲವು ಕಾಲಕ್ಕೆ ಬರೆದ ಪಠ್ಯ ಅದು. ಯಂತ್ರಕ್ಕೆ ಸಿಗದೆ ಅಡಗಿಕೊಂಡ ಸೂಚನೆಗಳೇ ಹೆಚ್ಚು. ನಂತರ ಪದಸೂಚಿ. ಅದರ ನಂತರ ಬೆನ್ನಪಟ್ಟಿ. ಪುಟ ಕಡಿಮೆಯಾದರೆ ಪುಸ್ತಕ ತೆಳ್ಳಗಾಗುತ್ತದೆ, ಬೆನ್ನಿನ ಅಗಲ ಬದಲಾಗುತ್ತದೆ, ಹೊದಿಕೆಯ ಚಿತ್ರವನ್ನು ಮತ್ತೆ ಅಳತೆಗೆ ಕೂರಿಸಬೇಕಾಗುತ್ತದೆ. ಇದು ಆ ಹೊತ್ತಿನಲ್ಲಿ ನೆನಪಾದದ್ದು ಅವರಿಗೊಬ್ಬರಿಗೇ.

ನಡುರಾತ್ರಿ ಕಳೆದ ಮೇಲೆ ‘ಆಟದ ಮಾದರಿ’ ಎಂಬ ಭಾಗಕ್ಕೆ ಬಂದೆವು. ಇಂಥ ಪುಸ್ತಕಗಳಲ್ಲಿ ಆಟ ಹೇಗೆ ಸಾಗುತ್ತದೆ ಎಂದು ಹೊಸಬರಿಗೆ ತೋರಿಸಲು ಗೇಮ್ ಮಾಸ್ಟರ್ ಮತ್ತು ಆಟಗಾರರ ನಡುವಿನ ಸಂಭಾಷಣೆಯೊಂದನ್ನು ಕೊಡುವುದುಂಟು. ನಮ್ಮದನ್ನು ಬರೆದವನು ಮೊದಲ ಸುತ್ತಿನಲ್ಲೇ ಕೆಲಸ ಕಳೆದುಕೊಂಡ ಗೆಳೆಯ. ಕೆಲಸ ಮುಗಿದ ಮೇಲೆ ನಾವೇ ಆಡುತ್ತಿದ್ದ ಆಟವೊಂದನ್ನು ಅವನು ಹಾಗೆಯೇ ಇಳಿಸಿದ್ದ. ಹೆಸರುಗಳನ್ನು ಬದಲಿಸಿದ್ದ, ಮಾತಿನ ಧಾಟಿ ಬದಲಿಸಿರಲಿಲ್ಲ. ಸೇತುವೆ ದಾಟಲು ಹಿಂಜರಿಯುವವಳು ನಾನು. ಆಚೆ ದಡದಲ್ಲಿ ಏನಿದೆ ಎಂದು ಮೂರು ಬಾರಿ ಕೇಳುವವರು ನಮ್ಮ ಲೆಕ್ಕಪತ್ರದವರು. ಮಾತು ಮುಗಿಯುವ ಮೊದಲೇ ದಾಳ ಉರುಳಿಸುವವನು ಅವನೇ. ಅವನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋದೆ. ಸುತ್ತಲಿನ ಕುರ್ಚಿಗಳು ಖಾಲಿ. ಅವುಗಳಲ್ಲಿ ಕೂರುತ್ತಿದ್ದವರ ದನಿಗಳು ಒಂದಾದ ಮೇಲೊಂದರಂತೆ ನನ್ನ ಬಾಯಿಂದ ಬರುತ್ತಿದ್ದವು. ಅರ್ಧಕ್ಕೆ ದನಿ ನಿಂತುಹೋಯಿತು. ನಾನು ಅತ್ತುಬಿಟ್ಟೆ. ಸಿಟ್ಟೂ ಇತ್ತು. ಒಂದು ಹಾಳೆಯ ಮೇಲೆ ಒಂದು ಸಾಲಾಗಿ ಕೂತ ಸಂಬಳ, ಆ ಸಾಲನ್ನು ಅಳಿಸಿದರೆ ಸರಿಹೋಗುವ ಮೊತ್ತ. ಆ ಲೆಕ್ಕ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ಅಕ್ಕ ಸಮಾಧಾನದ ಮಾತು ಆಡಲಿಲ್ಲ. ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದತೊಡಗಿದರು. ನನಗೆ ಅವರ ಜಾಗದಲ್ಲಿ ಕೂತು ಪುಟ ನೋಡುವ ಕೆಲಸ. ಅವರು ಓದಿದ್ದು ಏರಿಳಿತವಿಲ್ಲದ, ಕರಡು ತಿದ್ದುವವರ ದನಿಯಲ್ಲಿ. ಅದೇ ನನಗೆ ಬೇಕಿತ್ತು. ಆ ಭಾಗ ಮುಗಿದದ್ದೇ ಹಾಳೆಗಳನ್ನು ಹಿಂದಿರುಗಿಸಿ, “ಈಗ ನೀನು,” ಎಂದರು.

ಕೊನೆಯಲ್ಲಿ ಲೆಕ್ಕಕ್ಕೆ ಒಂದು ಪುಟ ಹೆಚ್ಚಾಗಿತ್ತು. ಎಲ್ಲಿ ಕಡಿಯುವುದು? ಸುಲಭವಾಗಿ ಕಂಡದ್ದು ಪುಸ್ತಕ ಮಾಡಿದವರ ಹೆಸರಿನ ಪುಟಗಳು. ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಒತ್ತಿಟ್ಟರೆ, ಬಿಟ್ಟುಹೋದವರನ್ನು ‘ಇತರರು’ ಎಂದು ಒಂದೆಡೆ ಸೇರಿಸಿದರೆ, ಒಂದು ಪುಟ ಉಳಿಯುತ್ತಿತ್ತು. ಅಕ್ಕ ಅದನ್ನು ಮಾತಿಗೂ ತೆಗೆದುಕೊಳ್ಳಲಿಲ್ಲ. ತಾವೇ ತಿಂಗಳುಗಟ್ಟಲೆ ಕೂತು ಮಾಡಿದ್ದ, ನಾವೆಲ್ಲ ಬಹಳ ಮೆಚ್ಚಿದ್ದ ಪೂರ್ಣಪುಟದ ಅಲಂಕಾರವೊಂದನ್ನು ಆರಿಸಿ ಅಳಿಸಿಹಾಕಿದರು. ಈ ಉದ್ಯಮದಲ್ಲಿ ಕೆಲಸ ಹುಡುಕುವವರಿಗೆ ಪುಸ್ತಕದಲ್ಲಿ ಅಚ್ಚಾದ ತಮ್ಮ ಹೆಸರೇ ದೊಡ್ಡ ಪ್ರಮಾಣಪತ್ರ. ಮುಂದಿನ ಪ್ರಕಾಶಕರು ಅದನ್ನೇ ತೆರೆದು ನೋಡುತ್ತಾರೆ. ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಬರೆದವರು, ತಿದ್ದಿದವರು, ಚಿತ್ರ ಬಿಡಿಸಿದವರು, ಪುಸ್ತಕ ಮುಗಿಯುವ ಮೊದಲೇ ಹೋಗಬೇಕಾದವರು ಎಲ್ಲರ ಹೆಸರೂ ಒಂದೇ ಗಾತ್ರದಲ್ಲಿದೆ. ಅದು ಹಾಗಿರಲು ಕಾರಣ ಅವರು.

ಕಡತಗಳು ಮುದ್ರಣಾಲಯಕ್ಕೆ ಏರುತ್ತಿದ್ದಾಗ, ಪರದೆಯ ಮೇಲಿನ ಗೆರೆ ತುಂಬುವುದನ್ನು ನೋಡುತ್ತ, ಅವರು ತಮ್ಮ ಮೊದಲ ಕೆಲಸದ ಬಗ್ಗೆ ಹೇಳಿದರು. 2000ದಲ್ಲಿ, ಇಂಥ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರನೆಯ ಆವೃತ್ತಿ ಬಂದಾಗ ಅದರ ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಡಿ ಇತರರೂ ಬಳಸಲು ಬಿಟ್ಟರು. ಸಣ್ಣ ಪ್ರಕಾಶಕರು ಎಲ್ಲೆಡೆ ತಲೆಯೆತ್ತಿದರು, ಅಕ್ಕನಂಥ ಎಳೆಯರಿಗೆ ಕೈತುಂಬ ಕೆಲಸ ಸಿಕ್ಕಿತು. 2003ರಲ್ಲಿ ಅದೇ ಆವೃತ್ತಿಯ ಪರಿಷ್ಕೃತ ರೂಪ ಬಂತು. ಹಳೆಯ ನಿಯಮಗಳನ್ನು ನಂಬಿ ಅಚ್ಚುಹಾಕಿದ ಪುಸ್ತಕಗಳು ಮಳಿಗೆಗಳಲ್ಲೇ ಉಳಿದವು. ಅವರ ಮೊದಲ ಸಂಸ್ಥೆ ಮುಚ್ಚಿದ್ದು ಆಗ. “ಆಗಲೂ ಹೀಗೇ ಅನಿಸಿತ್ತು, ಇಲ್ಲಿಗೆ ಮುಗಿಯಿತು ಎಂದು. ಆಡುವವರು ಮುಗಿಯಲಿಲ್ಲ. ಆಮೇಲೆ ಅವರಿಗಾಗಿ ಯಾರಾದರೂ ಪುಸ್ತಕ ಮಾಡಲೇಬೇಕಲ್ಲ,” ಎಂದರು.

ಆ ಮಾತನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಸಂಸ್ಥೆಯ ಮುಂದಿನ ದಾರಿಯ ಬಗ್ಗೆ ಅನೇಕರು ಕೇಳುತ್ತಿದ್ದೀರಿ, ನೇರವಾಗಿ ಹೇಳುತ್ತೇನೆ. ಈ ಉದ್ಯಮದಲ್ಲಿ ದೊಡ್ಡವರಾಗಿರುವುದು ಕೆಲಸಗಾರರಿಗೆ ರಕ್ಷಣೆಯಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿ ಇದನ್ನೆಲ್ಲ ಆರಂಭಿಸಿದ ಟಿಎಸ್‌ಆರ್ ಸಂಸ್ಥೆಯೇ ಮಾರಾಟವಾಗದೆ ಮರಳಿದ ಪುಸ್ತಕಗಳ ರಾಶಿ ಮತ್ತು ಸಾಲದ ಕೆಳಗೆ ಕುಸಿದು 1997ರಲ್ಲಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಇನ್ನೊಂದು ಆಟದ ಸಂಸ್ಥೆಯ ಪಾಲಾಯಿತು. ಆ ಸಂಸ್ಥೆಯನ್ನು 1999ರಲ್ಲಿ ಕೊಂಡ ಆಟಿಕೆ ಕಂಪನಿ ಹ್ಯಾಸ್‌ಬ್ರೊ 2023ರ ಡಿಸೆಂಬರ್‌ನಲ್ಲಿ ಸುಮಾರು 1,100 ಹುದ್ದೆಗಳ ಕಡಿತ ಘೋಷಿಸಿತು. ಆಟ ಅಷ್ಟು ಜನಪ್ರಿಯವಾಗಿದ್ದ ಕಾಲದಲ್ಲೂ ಅದನ್ನು ಕಟ್ಟಿದ ಕೆಲವರು ಆ ಪಟ್ಟಿಯಲ್ಲಿದ್ದರು. ಮಾರಾಟದ ದಾರಿಗಳೂ ಗಟ್ಟಿಯಿಲ್ಲ. 2025ರ ಜನವರಿಯಲ್ಲಿ ಡೈಮಂಡ್ ಎಂಬ ಹಳೆಯ ವಿತರಣಾ ಸಂಸ್ಥೆ ದಿವಾಳಿ ರಕ್ಷಣೆ ಕೋರಿತು. ಆಟಗಳನ್ನು ಮಳಿಗೆಗಳಿಗೆ ತಲುಪಿಸುವ ಅಲಯನ್ಸ್ ಅದರದೇ ವಿಭಾಗವಾಗಿತ್ತು.

ಇನ್ನೊಂದು ಬಗೆಯ ನೆನಪುಗಳೂ ಈ ಉದ್ಯಮಕ್ಕಿವೆ, ನಾನು ಹಿಡಿದುಕೊಂಡಿರುವುದು ಅವನ್ನು. ಕೇಯಾಸಿಯಂ ಸಂಸ್ಥೆ ತನ್ನ ಪ್ರಸಿದ್ಧ ಭಯಾನಕ ಆಟದ ಏಳನೆಯ ಆವೃತ್ತಿಗೆ ಕ್ರೌಡ್‌ಫಂಡಿಂಗ್‌ನಲ್ಲಿ, ಎಂದರೆ ಬೆಂಬಲಿಗರ ಮುಂಗಡ ಹಣದಿಂದ, ದೊಡ್ಡ ಮೊತ್ತ ಸಂಗ್ರಹಿಸಿಯೂ ಸಂಕಟಕ್ಕೆ ಸಿಕ್ಕಿತ್ತು. 2015ರಲ್ಲಿ ಅದರ ಸ್ಥಾಪಕ ಗ್ರೆಗ್ ಸ್ಟ್ಯಾಫರ್ಡ್ ಮತ್ತು ಹಳೆಯ ವಿನ್ಯಾಸಕ ಸ್ಯಾಂಡಿ ಪೀಟರ್‌ಸನ್ ಮರಳಿ ಬಂದರು, ಹೊಸ ಆಡಳಿತ ಕೂಡಿತು, ಬೆಂಬಲಿಗರಿಗೆ ಕೊಟ್ಟ ಮಾತು ಉಳಿಯಿತು, ಸಂಸ್ಥೆ ಇಂದಿಗೂ ಇದೆ. ಇದೇ ಬಗೆಯ ಆಟಗಳನ್ನು ಪ್ರಕಟಿಸುವ ಪೈಝೊ ಸಂಸ್ಥೆಯ ಕೆಲಸಗಾರರು 2021ರಲ್ಲಿ ಸಂಘ ಕಟ್ಟಿದಾಗ ಅಲ್ಲಿನ ಫ್ರೀಲಾನ್ಸ್ ಲೇಖಕರಲ್ಲಿ ಅನೇಕರು ಅವರ ಪರವಾಗಿ ಕೆಲಸ ನಿಲ್ಲಿಸಿ ನಿಂತರು, ಅದೇ ಅಕ್ಟೋಬರ್‌ನಲ್ಲಿ ಸಂಸ್ಥೆ ಸಂಘವನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮುಕ್ತ ಪರವಾನಗಿಯನ್ನು ಬಿಗಿಗೊಳಿಸುವ ಯತ್ನ ನಡೆದಾಗ ಆಟಗಾರರ ವಿರೋಧ ಎಷ್ಟಿತ್ತೆಂದರೆ, ತಿಂಗಳು ಮುಗಿಯುವುದರೊಳಗೆ ಐದನೆಯ ಆವೃತ್ತಿಯ ಮೂಲ ನಿಯಮಗಳು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹೊರಬಂದವು. ಇದನ್ನೆಲ್ಲ ಸಾಧಿಸಿದವರು ಕೆಲಸ ಮಾಡುವವರು ಮತ್ತು ಆಡುವವರು.

ನಮ್ಮ ಮಟ್ಟಿಗೆ, ಸಂಸ್ಥೆ ಸಣ್ಣದಾಗಿಯೇ ಇರುತ್ತದೆ. ಬೆಂಬಲಿಗರು ಕೊಟ್ಟ ಹಣ ಲಾಭವಲ್ಲ, ಪುಸ್ತಕ ಅವರ ಕೈ ಸೇರುವವರೆಗೆ ಅದು ನಮ್ಮ ತಲೆಯ ಮೇಲಿನ ಋಣ. ಆ ಹಣವನ್ನು ಇನ್ನು ಮುಂದೆ ಬೇರೆ ಖಾತೆಯಲ್ಲೇ ಇಡುತ್ತೇವೆ, ಸಂಬಳಕ್ಕೆ ಮುಟ್ಟುವುದಿಲ್ಲ. ಸಾಗಣೆಯ ವೆಚ್ಚವನ್ನು ಪುಸ್ತಕ ಸಿದ್ಧವಾದ ಮೇಲೆ, ಆಗಿನ ದರದಂತೆ ಪಡೆಯುತ್ತೇವೆ. ಹೊಸ ಸಾಹಸಗಳು, ಎಂದರೆ ಆಡಲು ಸಿದ್ಧವಾದ ಕಥೆಗಳು, ಮೊದಲು ಪಿಡಿಎಫ್ ಆಗಿ ಬರುತ್ತವೆ, ಆಡುವವರು ಅವನ್ನು ಉಳಿಸಿಕೊಂಡರೆ ಅಚ್ಚಿಗೆ. ಹಳೆಯ ಪುಸ್ತಕಗಳನ್ನು ಬೇಡಿಕೆ ಬಂದಂತೆ ಮುದ್ರಿಸುವ ವ್ಯವಸ್ಥೆಗೆ ಒಪ್ಪಿಸಿದ್ದೇವೆ. ಗೋದಾಮಿನಲ್ಲಿ ರಾಶಿ ಬೀಳುವುದಕ್ಕಿಂತ ಪ್ರತಿಗೆ ಸ್ವಲ್ಪ ಹೆಚ್ಚು ಖರ್ಚಾಗುವುದು ಲೇಸು. ಫ್ರೀಲಾನ್ಸ್ ಲೇಖಕರಿಗೆ ಪ್ರಕಟಣೆಯವರೆಗೆ ಕಾಯಿಸದೆ, ಬರಹ ಒಪ್ಪಿತವಾದಾಗಲೇ ಹಣ ಕೊಡುತ್ತೇವೆ. ಇದರಿಂದ ವರ್ಷಕ್ಕೆ ಬರುವ ಪುಸ್ತಕಗಳು ಕಡಿಮೆಯಾಗುತ್ತವೆ, ಗೊತ್ತು. ಹೊಸ ಆವೃತ್ತಿ ಯಾವಾಗ ಎಂದು ಕೇಳುವವರಿಗೆ: ಸದ್ಯಕ್ಕಿಲ್ಲ. ಸಾಮಾನ್ಯವಾಗಿ ಗುಂಪಿನಲ್ಲಿ ಪುಸ್ತಕ ಕೊಳ್ಳುವವರು ಗೇಮ್ ಮಾಸ್ಟರ್ ಒಬ್ಬರೇ. ಅವರ ಕಪಾಟಿನಲ್ಲಿರುವುದನ್ನು ನಾವೇ ಹಳತು ಮಾಡಿ ಮತ್ತೆ ಕೊಳ್ಳಿ ಎನ್ನುವುದು ನ್ಯಾಯವಲ್ಲ.

ಲಾಭ ಬಂದರೆ ಮೊದಲು ತುಂಬುವ ಪೂರ್ಣಾವಧಿ ಹುದ್ದೆ ಪುಟವಿನ್ಯಾಸದ್ದು. ಅಕ್ಕನಿಗೆ ಇದನ್ನು ಹೇಳಿದ್ದೇನೆ. “ಆ ಹುದ್ದೆಗೆ ಎಳೆಯರನ್ನು ತೆಗೆದುಕೋ, ನಾನು ಕಲಿಸಿಕೊಡುತ್ತೇನೆ,” ಎಂದಿದ್ದಾರೆ. ಅವರಿಗೆ ಈಗ ಬೇರೆ ಪ್ರಕಾಶನದಲ್ಲಿ ಕೆಲಸ ಸಿಕ್ಕಿದೆ, ಅವರ ಕೌಶಲಕ್ಕೆ ತಕ್ಕ ಮರ್ಯಾದೆಯೂ ಅಲ್ಲಿದೆ ಎಂದು ಕೇಳಿ ನೆಮ್ಮದಿಯಾಯಿತು. ಹೋಗುವ ಮೊದಲು ಅವರು ಬರೆದಿಟ್ಟ ಟಿಪ್ಪಣಿಗಳಲ್ಲಿ ಯಾವ ಕಡತ ಎಲ್ಲಿದೆ, ಯಾವ ಅಕ್ಷರಶೈಲಿಗೆ ಯಾವ ಪರವಾನಗಿ, ಮರುಮುದ್ರಣದಲ್ಲಿ ಏನೇನು ತಿದ್ದಬೇಕು ಎಲ್ಲವೂ ಇದ್ದವು. ಅವಿಲ್ಲದಿದ್ದರೆ ಈ ಪುಸ್ತಕದ ಪಿಡಿಎಫ್ ಆವೃತ್ತಿಯೂ ಇಷ್ಟು ಬೇಗ ಬರುತ್ತಿರಲಿಲ್ಲ.

ಅಕ್ಕ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು, ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಹೇಳುತ್ತೀರಿ ಎಂದೂ ಗೊತ್ತು. ಹೇಳಿ. ನಿಮ್ಮ ಉಪಕಾರವನ್ನು ನಾನು ತೀರಿಸಲಾರೆ. ಮೊದಲ ಪ್ರತಿ ನಿಮ್ಮ ವಿಳಾಸಕ್ಕೇ ಹೋಗಿದೆ.

ನಮ್ಮಿಂದ ಹೋಗಬೇಕಾದ ಲೇಖಕರಲ್ಲಿ, ಸಂಪಾದಕರಲ್ಲಿ ಇನ್ನೂ ಕೆಲವರು ಕೆಲಸ ಹುಡುಕುತ್ತಿದ್ದಾರೆ. ಅವರೆಲ್ಲರ ಹೆಸರು ಪುಸ್ತಕದ ಮೊದಲ ಪುಟಗಳಲ್ಲಿದೆ, ಯಾರು ಯಾವ ಭಾಗ ಮಾಡಿದರು ಎಂಬುದೂ ಅಲ್ಲೇ ಇದೆ. ನಿಮ್ಮಲ್ಲಿ ಕೆಲಸವಿದ್ದರೆ, ಅರೆಕಾಲಿಕವಾದರೂ ಸರಿ, ದಯವಿಟ್ಟು ನನಗೆ ತಿಳಿಸಿ. ಅವರಲ್ಲಿ ಯಾರಿಗೆ ಬೇಕಾದರೂ ಶಿಫಾರಸು ಪತ್ರವನ್ನು ನಾನೇ ಬರೆದುಕೊಡುತ್ತೇನೆ.